ಬಾಬಿ ಚಾರ್ಲ್ಸ್: ಮೊದಲು ಚೆಸ್ ರೆಕಾರ್ಡ್ ಕಂಪನಿ ಕಾಲದ ಹಾಡುಗಳಾ, 1972ರ ಆಲ್ಬಮ್ಮಾ?

ಅಮೆರಿಕದ ಗಾಯಕ ಫ್ಯಾಟ್ಸ್ ಡಾಮಿನೊ ಹಾಡಿದ ‘ವಾಕಿಂಗ್ ಟು ನ್ಯೂ ಆರ್ಲಿಯನ್ಸ್’ ಕೇಳಿದವರು ಬಹಳ ಜನ, ಅದನ್ನು ಬರೆದ ಬಾಬಿ ಚಾರ್ಲ್ಸ್ ಹೆಸರು ಗೊತ್ತಿರುವವರು ಕಡಿಮೆ. ಲೂಸಿಯಾನಾದ ಕೇಜನ್ (ಫ್ರೆಂಚ್ ಮೂಲದ ಸಮುದಾಯ) ಹುಡುಗ. ನ್ಯೂ ಆರ್ಲಿಯನ್ಸ್‌ಗೆ ಬಾ ಅಂತ ಡಾಮಿನೊ ಕರೆದಾಗ, ಕಾರಿಲ್ಲ, ನಡ್ಕೊಂಡೇ ಬರಬೇಕು ಅಂತ ಬಾಬಿ ಅಂದನಂತೆ. ಆ ಮಾತೇ ಹಾಡಾಯಿತು! ವಾದ್ಯ ನುಡಿಸಲು ಬರುತ್ತಿರಲಿಲ್ಲ, ರಾಗವೆಲ್ಲ ತಲೆಯಲ್ಲೇ.

ಕುಣಿಯೋ ಮೂಡಿದ್ದರೆ ಚೆಸ್ ಕಂಪನಿಗೆ ಹಾಡಿದ್ದನ್ನು ಹಾಕಿ. 1955ರ ‘ಲೇಟರ್ ಆಲಿಗೇಟರ್’ ಹಾಡಿದಾಗ ಅವನಿನ್ನೂ ಹದಿಹರೆಯದವನು. ಮರುವರ್ಷ ರಾಕ್ ಅಂಡ್ ರೋಲ್ ಗಾಯಕ ಬಿಲ್ ಹೇಲಿ ಅದನ್ನೇ ಓಡೋಡಿ ಹಾಡಿ ಹಿಟ್ ಮಾಡಿದ, ಆದರೆ ಬಾಬಿಯದರಲ್ಲಿ ಒಂದು ಸೋಮಾರಿತನ ಇದೆ, ನನಗೆ ಅದೇ ಇಷ್ಟ. ಒಂದೇ ತೊಂದರೆ, ಸಾಲಾಗಿ ಹತ್ತು ಕೇಳಿದರೆ ಎಲ್ಲ ಒಂದೇ ಥರ ಅನ್ನಿಸುತ್ತೆ.

ರಾತ್ರಿ ಒಬ್ಬರೇ ಕೂತು ಕೇಳೋರಿಗೆ 1972ರ ಆಲ್ಬಮ್. ನ್ಯೂಯಾರ್ಕ್ ರಾಜ್ಯದ ವುಡ್‌ಸ್ಟಾಕ್‌ನಲ್ಲಿ ‘ದಿ ಬ್ಯಾಂಡ್’ ಅನ್ನೋ ರಾಕ್ ತಂಡದವರ ಜೊತೆ ಮಾಡಿದ್ದು. ಯಾರಿಗೂ ಅವಸರವಿಲ್ಲ, ಬಾಬಿಯಂತೂ ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ ಹಾಡುತ್ತಾನೆ. ‘ಸ್ಮಾಲ್ ಟೌನ್ ಟಾಕ್’ ಸಣ್ಣ ಊರಿನ ಗಾಸಿಪ್ ಬಗ್ಗೆ, ನಮ್ಮೂರಲ್ಲೂ ಇದ್ದದ್ದೇ ಅಲ್ವಾ. ಕೊನೆಯ ‘ಟೆನ್ನೆಸ್ಸಿ ಬ್ಲೂಸ್’ನಲ್ಲಿ ಆ ತಂಡದ ಗಾರ್ತ್ ಹಡ್ಸನ್‌ನ ಅಕಾರ್ಡಿಯನ್ ನಿಧಾನಕ್ಕೆ ಒಳಗೆ ಬರುತ್ತೆ ನೋಡಿ, ಅಲ್ಲಿ ನಾನು ಪ್ರತಿ ಸಲ ಕೈಲಿರೋ ಕೆಲಸ ಬಿಟ್ಟು ಸುಮ್ನೆ ಕೂರುತ್ತೇನೆ.

ಒಂದೇ ಕೊಳ್ಳೋದಾದರೆ 1972ರ ಆಲ್ಬಮ್ಮನ್ನೇ ಕೊಳ್ಳಿ.