ಗಿಡಾ ಹತ್ತೋ ಕೆಲಸಕ್ಕ ಸೈಡ್ ರಿಂಗ್ ಬೆಲ್ಟ್: ಮಳಿಗಾಲದಾಗ ಬಳಸಿ ನೋಡಿ ಬರದದ್ದು

ಬೆಳಗಾವ್ಯಾಗ ಗಿಡದ ಟೊಂಗಿ ಸವರೂ ಕೆಲಸ ನಂದು. ಟಿಳಕವಾಡಿ, ಹಿಂದವಾಡಿ, ಅನಗೋಳ, ಶಹಾಪುರ ಈ ಕಡೆ ಎಲ್ಲಾ ಓಡಾಡ್ತೀನಿ, ಮಾವು, ಹುಣಸಿ, ಗುಲ್ಮೊಹರ್, ಸಿಲ್ವರ್ ಓಕ್ ಯಾವ ಗಿಡಾನ ಇರ್ಲಿ. ಈ ರಿವ್ಯೂ ಫುಲ್ ಬಾಡಿ ಹಾರ್ನೆಸ್ ಬಗ್ಗೆ, ಅಂದ್ರ ಮೈಗೆಲ್ಲಾ ಪಟ್ಟಿ ಬಿಗದು ಬಿದ್ದಾಗ ಹಿಡಿಯೋ ಸಾಧನ, ನಾವು ಬೆಲ್ಟ್ ಅಂತೀವಿ, ಅದರಾಗೂ ಸೊಂಟದ ಎರಡೂ ಬದಿಗೆ ಡಿ ರಿಂಗ್ (ಇಂಗ್ಲಿಷ್ ಡಿ ಅಕ್ಷರದಂಗ ಇರೋ ರಿಂಗ್) ಇರೋ ಮಾದರಿ ಬಗ್ಗೆ. ಕಂಪನಿ ಹೆಸರು ಬರ್ಯಾಕತ್ತಿಲ್ಲ, ಯಾಕಂದ್ರ ಇದೇ ನಮೂನಿ ಭಾಳ ಕಂಪನಿಯವ್ರು ಮಾಡ್ತಾರ. ನೋಡೂದು ಏನಂದ್ರ ಲೇಬಲ್ ಮ್ಯಾಲ ಐಎಸ್ 3521 ಅಂತ ನಂಬರ್, ಬಾಜೂಕ ಐಎಸ್‌ಐ ಮಾರ್ಕ್ ಇರಬೇಕು. ಉದ್ಯಮಬಾಗದಾಗ ಫ್ಯಾಕ್ಟರಿಗೋಳಿಗೆ ಸೇಫ್ಟಿ ಸಾಮಾನು ಕೊಡೋ ಅಂಗಡ್ಯಾಗ ತಗೊಂಡೆ, ಹುಕ್ಕಿನ ಹಗ್ಗ ಸೇರಿ ನಾಲ್ಕ ಸಾವಿರದ ಆಸುಪಾಸು ಬಿತ್ತು.

ಅಂಗಡ್ಯಾಗ ಬೆಲ್ಟ್ ಕೇಳಿದ್ರ ಮೊದಲ ತೋರಸೂದು ಬಿಲ್ಡಿಂಗ್ ಕೆಲಸದ್ದು, ಅದಕ್ಕ ಬೆನ್ನಿಗೆ ಒಂದ ರಿಂಗ್ ಅಷ್ಟ ಇರ್ತೈತಿ. ಅದು ಬಿದ್ದಾಗ ಹಿಡಿಯಾಕ ಮಾಡಿದ್ದು, ನಿಂತು ಕೆಲಸಾ ಮಾಡಾಕ ಅಲ್ಲ. ಗಿಡದಾಗ ನಮಗ ಬೇಕಾಗಿದ್ದು ಬ್ಯಾರೆ. ಒಂದ ಬದಿ ರಿಂಗಿನಿಂದ ಹಗ್ಗ ಹೊಂಟು ಬೊಡ್ಡಿ ಸುತ್ತಿ ಇನ್ನೊಂದ ಬದಿ ರಿಂಗಿಗೆ ಬಂದು ಸೇರಬೇಕು, ನಾವು ಹಿಂದಕ್ಕ ವಾಲಿ ಕಾಲು ಬೊಡ್ಡಿಗೆ ಒತ್ತಿ ನಿಲ್ಲಬೇಕು. ಆವಾಗ ಎರಡೂ ಕೈ ಖಾಲಿ.

ಆ ಎರಡ ಕೈ ಖಾಲಿ ಆಗೂದೈತೆಲ್ಲ, ನನ್ನ ಪ್ರಕಾರ ಈ ಬೆಲ್ಟಿಗೆ ಕೊಟ್ಟ ರೊಕ್ಕ ಅದಕ್ಕನ. ಮಂದಿ ಬೆಲ್ಟ್ ಅಂದ್ರ ಜೀವಾ ಉಳಿಸೂದು ಅಂತಷ್ಟ ತಿಳ್ಕೊಂಡಾರ, ಜೀವಾ ಉಳಿಸ್ತೈತಿ ಖರೆ, ಆದ್ರ ಗಿಡಾನೂ ಉಳಿಸ್ತೈತಿ. ಬೆಲ್ಟ್ ಇಲ್ದ ಹತ್ತಿದಾಂವ ಒಂದ ಕೈಲೆ ಟೊಂಗಿ ಅಪ್ಪಿ ಹಿಡಕೊಂಡು ಇನ್ನೊಂದ ಕೈಲೆ ಕೊಡ್ಲಿ ಬೀಸ್ತಾನ, ಎಲ್ಲಿ ಕಡೀಬೇಕೋ ಅಲ್ಲಿಗೆ ಕೈ ಮುಟ್ಟೂದುಲ್ಲ, ಎಲ್ಲಿ ಮುಟ್ಟತೈತೋ ಅಲ್ಲಿ ಕಡೀತಾನ. ಊರಾಗ ಅರ್ಧಕ್ಕ ಕಡಿದು ಬಿಟ್ಟ ಮೋಟು ಟೊಂಗಿ ಇರೋ ಗಿಡಾ ನೋಡೀರೆಲ್ಲ, ಅವುಕ್ಕ ಕಾರಣ ಕಡಿದಾವನ ಸೊಕ್ಕು ಅಲ್ರಿ, ಅವಂಗ ಅಲ್ಲಿ ನಿಲ್ಲಾಕ ಜಾಗಾ ಇರ್ಲಿಲ್ಲ.

ಛಲೋ ಕಡೀಬೇಕಂದ್ರ ಮೂರ ಸಲ ಕೊಯ್ಯಬೇಕು. ಮೊದಲ ಬೊಡ್ಡಿಯಿಂದ ಒಂದ ಮಳ ದೂರದಾಗ ಟೊಂಗಿಯ ಕೆಳಗಿನಿಂದ ಮೂರನೇ ಒಂದ ಪಾಲು ಕೊಯ್ಯಬೇಕು. ಆಮ್ಯಾಲ ಅದಕ್ಕೂ ಸ್ವಲ್ಪ ಮುಂದ ಮ್ಯಾಲಿಂದ ಕೊಯ್ದ್ರ ಟೊಂಗಿ ಮುರಕೊಂಡು ಬೀಳತೈತಿ, ತೊಗಟಿ ಸೀಳಿ ಬೊಡ್ಡಿ ತನಕಾ ಬರೂದುಲ್ಲ. ಕಡೀಕ ಉಳಿದ ಮೋಟು ತಗೀಬೇಕು, ಟೊಂಗಿ ಬೊಡ್ಡಿಗೆ ಸೇರೋ ಜಾಗದಾಗ ಸುಕ್ಕು ಬಿದ್ದು ಊದಿದ ಉಂಗುರದಂಥದ್ದು ಇರ್ತೈತಿ, ಅದನ್ನ ಬಿಟ್ಟು ಅದರ ಹೊರಗ. ಬೊಡ್ಡಿಗೆ ಸಪಾಟ ಕಡಿದ್ರ ಆ ಉಂಗುರಾನ ಹೋಗಿಬಿಡ್ತೈತಿ. ಅಮೆರಿಕದ ಅರಣ್ಯ ಇಲಾಖೆಯೊಳಗಿದ್ದ ಅಲೆಕ್ಸ್ ಶೈಗೊ ಅನ್ನೋ ವಿಜ್ಞಾನಿ ಸಾವಿರಾರು ಗಿಡ ಉದ್ದಕ ಸೀಳಿ ನೋಡಿ ಹೇಳಿದ್ದು ಇದನ್ನ, ಗಿಡದ ಗಾಯ ನಮ್ಮ ಚರ್ಮದಂಗ ಮಾಯೂದುಲ್ಲ, ಗಿಡಾ ಸುತ್ತ ಗ್ವಾಡಿ ಕಟ್ಟಿ ಗಾಯ ಒಳಗ ಮುಚ್ಚಿಹಾಕ್ತೈತಿ ಅಂತ. ಆ ಗ್ವಾಡಿ ಕಟ್ಟೂದು ಆ ಉಂಗುರದ ಜಾಗದಿಂದ. ಕಡಿದ ಮ್ಯಾಲ ಡಾಂಬರು, ಪೇಂಟು ಬಡೀರಿ ಅಂತ ಮನಿಯವ್ರು ಹೇಳ್ತಾರ, ಅದರಿಂದ ಕೊಳೆ ನಿಲ್ಲೂದುಲ್ಲ, ನಾ ಬಡಿಯೂದು ಬಿಟ್ಟೇನಿ.

ಈ ಮೂರೂ ಕೊಯ್ತ ಒಂದ ಕೈಲೆ ಆಗ್ತಾವೇನ್ರಿ? ಟೊಂಗಿ ಕೊಯ್ಯೋ ಚೈನಿನ ಗರಗಸದ ಮಷಿನ್ ಅಂತೂ ಒಂದ ಕೈಲೆ ಹಿಡಿಯೂದ ತಪ್ಪು, ಚೈನಿನ ತುದಿ ಎಲ್ಲಿಯರ ತಾಗಿದ್ರ ತಿರುಗಿ ಮಾರಿಗೆ ಬರ್ತೈತಿ. ಮಾವಿನ ಗಿಡದಾಗ ಎಲಿ ಹೊಲದು ಗೂಡು ಕಟ್ಟೋ ಕೆಂಪ ಇರವಿ ಕುತ್ತಿಗಿಗೆ ಮುತ್ತಿಕೊಂಡಾಗ ಮೊದಲ ಜಿಗದು ಇಳೀತಿದ್ವಿ, ಈಗ ಬೆಲ್ಟಿನ ಮ್ಯಾಲ ಭಾರ ಹಾಕಿ ಎರಡೂ ಕೈಲೆ ಜಾಡಿಸಿ ಮತ್ತ ಕೆಲಸಾ ಸುರು.

ಇನ್ನ ಜ್ವಾಕಿ ಮಾಡೂ ವಿಷಯ. ಬೆಲ್ಟಿನ ಜೋಡಿ ಕೊಡೋ, ಬಿದ್ದಾಗ ಹಿಡಿಯೋ ಹುಕ್ಕಿನ ಹಗ್ಗ ಎರಡ ಮೀಟರಿನ ಹತ್ರ ಇರ್ತೈತಿ, ಅದರಾಗ ಬಿದ್ದ ಹೊಡತ ತಗ್ಗಸೋ ಮಡಚಿ ಹೊಲದ ಶಾಕ್ ಅಬ್ಸಾರ್ಬರ್ ಇರ್ತೈತಿ, ಬಿದ್ದಾಗ ಅದು ಬಿಚ್ಚಿಕೊಂಡು ಇನ್ನೂ ಉದ್ದಾಗ್ತೈತಿ. ಹಗ್ಗದ ಉದ್ದ, ಬಿಚ್ಚಿದ್ದು, ಮನಷ್ಯಾನ ಎತ್ತರ ಎಲ್ಲಾ ಕೂಡಿಸಿದ್ರ ಕೆಳಗ ಸುಮಾರು 6 ಮೀಟರ್ ಖಾಲಿ ಜಾಗಾ ಬೇಕು. ಹದಿನೈದ ಫೂಟಿನ ಟೊಂಗಿ ಮ್ಯಾಲ ನಿಂತು ಇದನ್ನ ಕಾಲ ಹತ್ರ ಕಟ್ಟಿಕೊಂಡ್ರ ಬೆಲ್ಟ್ ಹಿಡಿಯೂದ್ರಾಗ ನೆಲಕ್ಕ ಬಿದ್ದಿರ್ತೀರಿ. ಅದಕ್ಕ ಹುಕ್ಕು ಯಾವಾಗೂ ತಲಿಗಿಂತ ಮ್ಯಾಲ ಹಾಕ್ರಿ, ಹಗ್ಗ ಬಿಗಿ ಇಡ್ರಿ. ಕೊಯ್ಯೂ ಟೈಮಿನಾಗ ಎರಡ ಕಡೆ ಕಟ್ಟಿಕೊಳ್ರಿ, ಒಂದ ಹಗ್ಗ ಚೈನಿಗೆ ಸಿಕ್ಕು ತುಂಡಾದ್ರ ಇನ್ನೊಂದ ಇರ್ತೈತಿ. ಒಳಗ ಸ್ಟೀಲ್ ತಂತಿ ಇರೋ ಹಗ್ಗಾನೂ ಸಿಗ್ತೈತಿ, ಚೈನ್ ತಾಗಿದ್ರ ಲಗೂ ತುಂಡಾಗೂದುಲ್ಲ, ಆದ್ರ ಕರೆಂಟ್ ಲೈನ್ ಬಾಜೂಕ ಅದನ್ನ ಒಯ್ಯಬ್ಯಾಡ್ರಿ. ಲೈನ್ ಹತ್ರ ಇದ್ರ ಹೆಸ್ಕಾಂನವ್ರು ಬಂದು ಸಪ್ಲೈ ಬಂದ್ ಮಾಡೋ ತನಕಾ ಗಿಡಕ್ಕ ಕಾಲ ಇಡಬ್ಯಾಡ್ರಿ, ಹಸಿ ಟೊಂಗಿಯೊಳಗ ಕರೆಂಟ್ ಹರೀತೈತಿ.

ಇನ್ನೊಂದ ಮಾತು ಯಾರೂ ಹೇಳೂದುಲ್ಲ. ಬೆಲ್ಟಿನಾಗ ಜೋತು ಬಿದ್ದು ಅಲುಗಾಡ್ದ ಇದ್ರ ರಕ್ತ ಕಾಲಾಗ ನಿಂತು ಕೆಲವೇ ನಿಮಿಷದಾಗ ಎಚ್ಚರ ತಪ್ಪಬಹುದು, ಜೀವಾನೂ ಹೋಗಬಹುದು. ಹಂಗಾಗಿ ಒಬ್ಬರೇ ಗಿಡಾ ಹತ್ತಬ್ಯಾಡ್ರಿ, ಮ್ಯಾಲ ಹತ್ತಿ ಇಳಿಸಾಕ ಬರೋ ಇನ್ನೊಬ್ಬಾಂವ ಕೆಳಗ ಇರಬೇಕು, ಅವನ ಹತ್ರಾನೂ ಬೆಲ್ಟ್ ಇರಬೇಕು. ಅಂದ್ರ ಖರ್ಚು ಡಬಲ್, ಗೊತ್ತೈತಿ.

ಬೆಲ್ಟಿನ ಕೊರತಿ ಹೇಳಬೇಕಂದ್ರ ತೊಡಿ ಪಟ್ಟಿ ಭಾಳ ತೆಳು, ಪ್ಯಾಡ್ ಇಲ್ಲ, ಅರ್ಧಾ ತಾಸು ವಾಲಿ ನಿಂತ್ರ ತೊಡಿ ಉರೀತೈತಿ. ಗಿಡದ ಕೆಲಸಕ್ಕಂತ ಬ್ಯಾರೆನ ಮಾಡಿದ ಕುಂತಂಗ ಇರೋ ಬೆಲ್ಟ್ ಫಾರಿನ್ನದು ಬರ್ತೈತಿ, ಅದರ ರೇಟ್ ನಮ್ಮಂಥವ್ರಿಗೆ ಮುಟ್ಟೂದುಲ್ಲ. ಬೆಳಗಾವಿ ಮಳ್ಯಾಗ ಪಟ್ಟಿ ಒಣಗಾಕ ದಿನಾನ ಬೇಕು, ಹಂಗಂತ ಬಿಸಿಲಿಗೆ ಹಾಕಿದ್ರ ಪಟ್ಟಿ ಹಾಳಾಗ್ತೈತಿ, ನೆರಳಾಗ ಗಾಳಿಗೆ ಹಾಕಬೇಕು. ಮಷಿನ್ನಿನ ಪೆಟ್ರೋಲ್ ಆಯಿಲ್ ಜೋಡಿ ಒಂದ ಚೀಲದಾಗ ತುಂಬಬ್ಯಾಡ್ರಿ. ಹೊಲಿಗಿ ದಿನಾ ನೋಡ್ರಿ. ಒಮ್ಮಿ ಜೋರಾಗಿ ಬಿದ್ದ ಭಾರ ತಡದ ಬೆಲ್ಟ್ ನೋಡಾಕ ಛಲೋ ಕಂಡ್ರೂ ಮತ್ತ ಹಾಕಬ್ಯಾಡ್ರಿ.

ಈಗ ಹೊಟ್ಟಿ ಮಾತು. ಮಿರಗ ಮಳಿ ಸುರು ಆಗೂ ಮೊದಲ ಎಲ್ಲಾರೂ ಒಮ್ಮಿಗೇ ಫೋನ್ ಹಚ್ತಾರ, ಆಮ್ಯಾಲ ವಾರಗಟ್ಟಲೆ ಫೋನ್ ಸುಮ್ಮನ. ಬೆಲ್ಟ್ ಹಾಕಿ ಕಟ್ಟಿ ಬಿಚ್ಚಿ ಮಾಡೂದಕ್ಕ ಟೈಮ್ ಜಾಸ್ತಿ ಹಿಡೀತೈತಿ, ಒಂದ ದಿನದಾಗ ಎರಡ ಗಿಡಾ ಆಗೂವಲ್ಲಿ ಒಂದ ಆಗ್ತೈತಿ, ಹಂಗಾಗಿ ರೇಟ್ ಜಾಸ್ತಿ ಹೇಳಬೇಕಾಗ್ತೈತಿ. "ಹೋದ ವರ್ಷ ಬಂದಾಂವ ಬರೇ ಹಗ್ಗದ ಮ್ಯಾಲ ಹತ್ತಿ ಅರ್ಧಾ ರೊಕ್ಕದಾಗ ಮಾಡಿದ್ನಲ್ಲೋ ತಮ್ಮಾ" ಅಂತಾರ. ನಾ ಏನೂ ವಾದ ಮಾಡೂದುಲ್ಲ, ಹೋದ ವರ್ಷದ ಮೋಟು ತೋರಸ್ತೀನಿ, ಅಲ್ಲಿಂದ ಪೊದಿಯಂಗ ಎದ್ದ ಹೊಸಾ ಟೊಂಗಿ ತೋರಸ್ತೀನಿ, ಅವು ಗಟ್ಟಿ ಬೇರೂರಿ ಬಂದಿರೂದುಲ್ಲ, ದಪ್ಪ ಆದ ಮ್ಯಾಲ ಗಾಳಿಗೆ ಕಿತ್ತು ಬೀಳ್ತಾವ. ಅರ್ಧಾ ಮಂದಿ ಒಪ್ಪತಾರ.

ಇನ್ನ ಕೆಲವ್ರು ಪೂರಾ ಗಿಡಾನ ಕೆಡವ್ರಿ, ಪರ್ಮಿಷನ್ ಐತಿ ಅಂತಾರ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರದ್ದು, ವೃಕ್ಷ ಅಧಿಕಾರಿ ಕಾಗದಾ ಕೊಡಬೇಕು. ಕಾಗದಾ ಕೈಯಾಗ ಹಿಡದು ಓದೋ ತನಕಾ ಕೊಡ್ಲಿ ಹಚ್ಚಬ್ಯಾಡ್ರಿ, ಕೇಸ್ ಆದ್ರ ಮಷಿನ್ ಹಿಡದಾಂವಾನೂ ಸಿಗ್ತಾನ.

ನಮ್ಮ ಕೆಲಸಕ್ಕ ಪಿಎಫ್ ಇಲ್ಲ, ಇಎಸ್‌ಐ ಇಲ್ಲ, ಬಿದ್ದ ಮರುದಿನಾನ ಗಳಿಕಿ ಬಂದ್. ಬೆಲ್ಟ್ ತಗೊಳ್ಳೋ ದಿನಾನ ಬ್ಯಾಂಕಿಗೆ ಹೋಗಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಸ್ರಿ, ವರ್ಷಕ್ಕ 20 ರೂಪಾಯಿ, ಅಪಘಾತದಾಗ ಜೀವಾ ಹೋದ್ರ ಮನಿಯವ್ರಿಗೆ 2 ಲಕ್ಷ. ನಮ್ಮಂಥ ಅಸಂಘಟಿತ ಕಾರ್ಮಿಕರಿಗೆ ಸರಕಾರ ಕೊಡೋ ಇ-ಶ್ರಮ್ ಕಾರ್ಡೂ ಮಾಡಸ್ರಿ, ಅದಕ್ಕ ರೊಕ್ಕ ಇಲ್ಲ.

ಬೆಲ್ಟಿಗೆ ಐದಕ್ಕ ನಾಲ್ಕ ಕೊಡ್ತೀನಿ, ಒಂದ ಕಳದದ್ದು ತೊಡಿ ಪಟ್ಟಿ ಸಲುವಾಗಿ. ತಗೊಳ್ಳೂ ಮೊದಲ ಅಂಗಡ್ಯಾಗನ ಹಾಕ್ಕೊಂಡು, ಸೈಡ್ ಹಗ್ಗ ಕಂಬಕ್ಕ ಸುತ್ತಿ, ಪೂರಾ ಭಾರ ಬಿಟ್ಟು ಐದ ನಿಮಿಷ ವಾಲಿ ನೋಡ್ರಿ. ಅಂಗಡಿಯಾಂವ ಬ್ಯಾಡ ಅಂದ್ರ ಬ್ಯಾರೆ ಅಂಗಡಿಗೆ ಹೋಗ್ರಿ.