ಒಂದೇ ಗಾಡಿ, ಮೂರು ವರ್ಷ, ಮೂರು ಇನ್ಶೂರೆನ್ಸ್

ನಮ್ಮದು ಮಂಡ್ಯದಲ್ಲಿ ಶಾಮಿಯಾನ, ಚೇರು, ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ಇರುವುದು ಒಂದೇ ಗಾಡಿ, ಸೆಕೆಂಡ್ ಹ್ಯಾಂಡ್ ಟಾಟಾ ಏಸ್. ಅದು ಮನೆಗೆ ಬಂದ ಮೇಲೆ ಮೊದಲ ವರ್ಷ ಬರೀ ಥರ್ಡ್ ಪಾರ್ಟಿ ಕಟ್ಟಿದೆ. ಎರಡನೇ ವರ್ಷ ಏಜೆಂಟ್ ಕೈಯಲ್ಲಿ ಸರ್ಕಾರಿ ಕಂಪನಿಯ ಫುಲ್ ಇನ್ಶೂರೆನ್ಸ್. ಮೂರನೇ ವರ್ಷ ಮೊಬೈಲಿನಲ್ಲೇ ಒಂದು ಖಾಸಗಿ ಕಂಪನಿಯದು. ಗಾಡಿಯೂ ವರ್ಷಕ್ಕೊಂದು ಸಲ ಎಲ್ಲಾದರೂ ಗುದ್ದಿಕೊಂಡೇ ಬಂದಿದೆ. ಹಾಗಾಗಿ ಮೂರರ ರುಚಿಯೂ ನನಗೆ ಗೊತ್ತು.

ಮೊದಲು ದುಡ್ಡಿನ ಮಾತು. ಮೊದಲ ವರ್ಷ ಸುಮಾರು 18,400 ಆಯಿತು, ಎರಡನೇ ವರ್ಷ 22,600, ಮೂರನೇ ವರ್ಷ 20,300. ಆನ್‌ಲೈನ್‌ನಲ್ಲಿ ಎರಡು ಸಾವಿರಕ್ಕಿಂತ ಜಾಸ್ತಿ ಉಳಿಯಿತು ಅಂತ ಆಗ ಖುಷಿಪಟ್ಟಿದ್ದೆ. ಆದರೆ ಬಿಲ್ಲನ್ನು ಬಿಡಿಸಿ ನೋಡಿ. ಒಟ್ಟು ತೂಕ 7,500 ಕೆಜಿ ಒಳಗಿನ ನಾಲ್ಕು ಚಕ್ರದ ಸರಕು ಗಾಡಿಗೆ ಥರ್ಡ್ ಪಾರ್ಟಿ ದರ ಜಿಎಸ್‌ಟಿ ಬಿಟ್ಟು 16,049 ರೂಪಾಯಿ. 2022ರ ಜೂನ್‌ನಲ್ಲಿ ಸರ್ಕಾರವೇ ಗೊತ್ತು ಮಾಡಿದ್ದು. ಯಾವ ಕಂಪನಿಗೆ ಹೋದರೂ ಅಷ್ಟೇ. ಇದೇ ಲೆಕ್ಕದಲ್ಲಿ ಮೂರು ಚಕ್ರದ ಗೂಡ್ಸ್ ಆಟೊಗೆ 4,492. ನಮ್ಮ ಏಸ್ ಅದಕ್ಕಿಂತ ಎಷ್ಟು ದೊಡ್ಡದು ಅಂತ ಈ ಮೂರೂವರೆ ಪಟ್ಟು ಅಂತ ಕೇಳಬೇಡಿ, ನನಗೂ ಹೊಟ್ಟೆ ಉರಿಯುತ್ತದೆ. ಹೇಳಬೇಕಾದ್ದು ಇಷ್ಟೇ: ಕಂಪನಿ ಕಂಪನಿಗೂ ವ್ಯತ್ಯಾಸ ಬರುವುದು ಸ್ವಂತ ಗಾಡಿಯ ನಷ್ಟಕ್ಕೆ ಅಂತ ಅದರ ಮೇಲೆ ಕಟ್ಟುವ ಮೂರು, ನಾಲ್ಕು ಸಾವಿರದಲ್ಲಿ. ಹೋಲಿಸಬೇಕಾದ್ದು ಅದನ್ನು. ನಾನು ಕೊನೆಯ ಸಾಲಿನ ಮೊತ್ತ ಹೋಲಿಸಿ ಕೆಟ್ಟೆ.

ಬರೀ ಥರ್ಡ್ ಪಾರ್ಟಿ ಇದ್ದ ವರ್ಷ ಕಬ್ಬು ಕಟಾವಿನ ಕಾಲ. ರಾತ್ರಿ ಕೆರಗೋಡು ಕಡೆಯಿಂದ ಮದುವೆ ಸಾಮಾನು ತುಂಬಿಕೊಂಡು ಬರುವಾಗ ಕಬ್ಬಿನ ಟ್ರೈಲರ್ ಹಿಂಭಾಗಕ್ಕೆ ಹೋಗಿ ಗುದ್ದಿತು. "ಲೈಟೇ ಇರ್ಲಿಲ್ಲ ಕಣಣ್ಣ, ಕಬ್ಬು ಮುಖದ ಮುಂದೆ ಬಂದಾಗ್ಲೇ ಗೊತ್ತಾಗಿದ್ದು" ಅಂದ ಡ್ರೈವರ್. ಪುಣ್ಯಕ್ಕೆ ಅವನಿಗೇನೂ ಆಗಲಿಲ್ಲ. ಟ್ರ್ಯಾಕ್ಟರ್ ನಿಲ್ಲಲೂ ಇಲ್ಲ. ರಿಪೇರಿ 31,000, ಅಷ್ಟೂ ನನ್ನ ಜೇಬಿನಿಂದ. ಥರ್ಡ್ ಪಾರ್ಟಿ ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ನಷ್ಟಕ್ಕೆ ಮಾತ್ರ. ಸಾವು, ಗಾಯಕ್ಕೆ ಮಿತಿ ಇಲ್ಲ, ಆಸ್ತಿ ನಷ್ಟಕ್ಕೆ ಏಳೂವರೆ ಲಕ್ಷದವರೆಗೆ. ನಮ್ಮ ಗಾಡಿಗೆ ಬಿಡಿಗಾಸೂ ಇಲ್ಲ. ಹತ್ತಾರು ವರ್ಷ ಹಳೆಯ, ಗುಜರಿಗೆ ಹತ್ತಿರದ ಗಾಡಿಗೆ ಇದು ಸಾಕು. ದಿನಾ ದುಡಿಯುವ ಗಾಡಿಗೆ ಸಾಲದು.

ಸರ್ಕಾರಿ ಕಂಪನಿಯ ವರ್ಷ ಕಲ್ಯಾಣ ಮಂಟಪದ ಗೇಟಿನ ಕಂಬಕ್ಕೆ ಎಡಗಡೆ ಪೂರ್ತಿ ಉಜ್ಜಿತು. ಏಜೆಂಟ್‌ಗೆ ಫೋನ್ ಮಾಡಿದೆ. ನಷ್ಟ ಅಳೆಯುವ ಸರ್ವೇಯರ್ ಬಂದಿದ್ದು ಮೂರನೇ ದಿನ, ಅಲ್ಲಿವರೆಗೆ ಗ್ಯಾರೇಜಿನವರು ಮುಟ್ಟುವ ಹಾಗಿಲ್ಲ. ಬುಕ್ ಆಗಿದ್ದ ಎರಡು ಗೃಹಪ್ರವೇಶಕ್ಕೆ ಬೇರೆ ಗಾಡಿ ಬಾಡಿಗೆಗೆ ಹಿಡಿದೆ. ಫಾರ್ಮ್, ಲೈಸೆನ್ಸ್, ಎಫ್‌ಸಿ ಅಂತ ಓಡಾಡಿ ದುಡ್ಡು ಬರಲು 40 ದಿನ ಹಿಡಿಯಿತು. ಆದರೆ 27,000ದ ಬಿಲ್ಲಿಗೆ 18,500 ಬಂತು. ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಅರ್ಧ ಬೆಲೆ ಮಾತ್ರ ಲೆಕ್ಕ ಹಾಕುತ್ತಾರೆ, ಮಿಕ್ಕಿದ್ದು ಅಲ್ಲೇ ಹೋಯಿತು.

ಆನ್‌ಲೈನ್ ವರ್ಷ ಇದಕ್ಕೆ ಪೂರ್ತಿ ಉಲ್ಟಾ. ಶ್ರೀರಂಗಪಟ್ಟಣದ ಹತ್ತಿರ ಮುಂದಿನ ಗಾಡಿ ಗಕ್ಕನೆ ಬ್ರೇಕ್ ಹಾಕಿತು, ನಮ್ಮದು ಗುದ್ದಿತು. ಫೋಟೊ ತೆಗೆದು ಆ್ಯಪ್‌ನಲ್ಲಿ ಹಾಕಿದೆ, ಸಂಜೆಗೇ ಒಪ್ಪಿಗೆ ಬಂತು. ಎಷ್ಟು ಚೆನ್ನಾಗಿದೆ ಅಲ್ವಾ ಅಂತ ಮನೆಯಲ್ಲೆಲ್ಲಾ ಹೇಳಿಕೊಂಡೆ. ಆಮೇಲೆ ಲೆಕ್ಕ ಬಂತು. 22,000ದ ಬಿಲ್ಲಿಗೆ 9,000. ಗ್ಲಾಸು, ರೇಡಿಯೇಟರ್‌ಗೆ ಕೊಟ್ಟಿದ್ದರು. ಬಂಪರ್, ಹೆಡ್‌ಲೈಟ್, ಪೇಂಟಿಂಗ್‌ಗೆ ಸೊನ್ನೆ.

ಸಹಾಯವಾಣಿಯವರ ಹತ್ತಿರ ಜಗಳವಾಡಿ ಸುಸ್ತಾಗಿ, ಕೊನೆಗೆ ಹಳೇ ಏಜೆಂಟ್ ಹತ್ತಿರ ಎರಡು ಪಾಲಿಸಿಯನ್ನೂ ಅಕ್ಕಪಕ್ಕ ಇಟ್ಟೆ. ಅವರು ಸರ್ಕಾರಿ ಕಂಪನಿಯದರಲ್ಲಿ ಒಂದು ಸಾಲಿನ ಮೇಲೆ ಬೆರಳಿಟ್ಟರು: ಐಎಂಟಿ 23. ಹಳದಿ ಬೋರ್ಡ್ ಸರಕು ಗಾಡಿಯ ಫುಲ್ ಇನ್ಶೂರೆನ್ಸ್ ನಿಜವಾಗಿ ಫುಲ್ ಅಲ್ಲ. ಲೈಟು, ಟೈರು, ಮಡ್‌ಗಾರ್ಡ್, ಬಾನೆಟ್, ಬಂಪರ್, ಪೇಂಟ್ ಇವೆಲ್ಲಾ ಹೊರಗೆ, ಗಾಡಿ ಪೂರ್ತಿ ಹಾಳಾದರೆ ಮಾತ್ರ ಸೇರುತ್ತವೆ. ಇವು ಬೇಕು ಅಂದರೆ ಸ್ವಂತ ಗಾಡಿಯ ನಷ್ಟದ ಪ್ರೀಮಿಯಂ ಮೇಲೆ ನೂರಕ್ಕೆ 15ರಷ್ಟು ಜಾಸ್ತಿ ಕಟ್ಟಿ ಈ ಐಎಂಟಿ 23 ಸೇರಿಸಿಕೊಳ್ಳಬೇಕು. ನನ್ನ ಗಾಡಿಗೆ ಅದು ನಾನೂರೈವತ್ತು ರೂಪಾಯಿ ಆಸುಪಾಸು. ಊರೊಳಗೆ ಓಡುವ ಗಾಡಿಯಲ್ಲಿ ಮೊದಲು ಒಡೆಯುವುದೇ ಇವು. ಆನ್‌ಲೈನ್‌ನಲ್ಲಿ ಅದೊಂದು ಖಾಲಿ ಚೌಕ. ನಾನು ಟಿಕ್ ಮಾಡಿರಲಿಲ್ಲ, ಸಾಲದ್ದಕ್ಕೆ ಗಾಡಿಯ ಬೆಲೆಯನ್ನೂ, ಅಂದರೆ ಐಡಿವಿಯನ್ನೂ ಇಳಿಸಿಟ್ಟಿದ್ದೆ. ಉಳಿದ ಎರಡು ಸಾವಿರದ ಗುಟ್ಟು ಅದು. ಸಂಬಳದ ಡ್ರೈವರ್‌ಗೆ ಅಂತ ಕಟ್ಟುವ 50 ರೂಪಾಯಿಯ ಚೌಕವೂ ಖಾಲಿಯೇ ಇತ್ತು. ಅದನ್ನು ನೋಡಿ ನಿಜವಾಗಿಯೂ ನಾಚಿಕೆಯಾಯಿತು.

ಈ ಸಲ ಖಾಸಗಿ ಕಂಪನಿಯದೇ ತೆಗೆದುಕೊಂಡೆ, ಆದರೆ ಏಜೆಂಟ್ ಮೂಲಕ, ಐಎಂಟಿ 23, ಡ್ರೈವರ್‌ದು ಎರಡೂ ಸೇರಿಸಿ. ಆದರೂ 20,400 ಅಷ್ಟೇ ಆಯಿತು. ಗಾಡಿಯ ಬೆಲೆ ಇಳಿದಿದ್ದು ಒಂದು ಕಾರಣ. 2025ರ ಸೆಪ್ಟೆಂಬರ್ 22ರಿಂದ ಸರಕು ಗಾಡಿಯ ಥರ್ಡ್ ಪಾರ್ಟಿ ಮೇಲಿನ ಜಿಎಸ್‌ಟಿ 12ರಿಂದ 5ಕ್ಕೆ ಇಳಿದಿದ್ದು ಇನ್ನೊಂದು. ಅದರಿಂದಲೇ ಸಾವಿರದ ನೂರು ಉಳಿಯಿತು. ಆಷಾಢದಲ್ಲಿ ಮದುವೆ ಇಲ್ಲ, ಗಾಡಿ ನಿಂತಿರುತ್ತದೆ, ಒಂದು ತಿಂಗಳು ಬಿಟ್ಟು ಕಟ್ಟೋಣ ಅಂತ ನಮ್ಮ ಲೈನಿನಲ್ಲಿ ಕೆಲವರು ಮಾಡುತ್ತಾರೆ. ಬೇಡ. ಮುಗಿದ ಮೇಲೆ ಹೋದರೆ ಮತ್ತೆ ಗಾಡಿ ತಪಾಸಣೆ. 90 ದಿನ ದಾಟಿದರೆ ಕ್ಲೇಮ್ ಮಾಡದೆ ಕೂಡಿಟ್ಟ ಬೋನಸ್ಸೂ ಹೋಗುತ್ತದೆ.

ಮೂರರಲ್ಲಿ ಯಾವುದರಲ್ಲೂ ಸಿಗದ್ದು ಒಂದಿದೆ. ಚೇರುಗಳ ಮೇಲೆ ಕೂತು ಬರುವ ಹುಡುಗರು. ಸರಕು ಗಾಡಿಯ ಹಿಂಭಾಗ ಜನ ಕೂರುವ ಜಾಗವೇ ಅಲ್ಲ. ಆರ್‌ಸಿಯಲ್ಲಿ ಇರುವಷ್ಟು ಸೀಟಿಗೆ ಮಾತ್ರ ಲೆಕ್ಕ. ಅವರಲ್ಲಿ ಒಬ್ಬ ಬಿದ್ದರೆ ಕಂಪನಿ ಕೈಯೆತ್ತುತ್ತದೆ, ಕೋರ್ಟಿಗೆ ಅಲೆಯುವವನು ನಾನು. ಈಗ ಅವರನ್ನು ಆಟೊದಲ್ಲಿ ಮುಂದೆ ಕಳಿಸುತ್ತೇನೆ, ಟ್ರಿಪ್ಪಿಗೆ ಮುನ್ನೂರು ರೂಪಾಯಿ ಖರ್ಚು. ಅವರಿಗೆ ಮಾತ್ರ ಬೇಜಾರು. "ಚೇರ್ ಮೇಲೆ ಬೀಸೋ ಗಾಳಿ ಆಟೊದಲ್ಲಿ ಎಲ್ಲದೆ ಅಣ್ಣ?" ಅಂತಾರೆ.