ಸಾವಿರದ ನಾನೂರು ರೂಪಾಯಿಯ ಒಬಿಡಿ ಸ್ಕ್ಯಾನರ್: ಮೂಡಿಗೆರೆಯಲ್ಲಿ ನಾಲ್ಕು ವರ್ಷ ಬಳಸಿದ ಮೇಲೆ

ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಹಳದಿ ಎಂಜಿನ್ ದೀಪ ಹತ್ತಿಕೊಂಡರೆ ನಮ್ಮ ಕಡೆ ಎರಡೇ ದಾರಿ. ಒಂದು, ಅದರ ಮೇಲೆ ಸ್ಟಿಕ್ಕರ್ ಅಂಟಿಸಿಕೊಂಡು ಓಡಿಸುವುದು. ತಮಾಷೆಯಲ್ಲ, ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರು ಎರಡು ವರ್ಷ ಹಾಗೇ ಓಡಾಡಿದರು. ಇನ್ನೊಂದು, ಮೂವತ್ತು ಕಿ.ಮೀ. ದೂರದ ಚಿಕ್ಕಮಗಳೂರಿಗೆ ಹೋಗಿ ಸರ್ವಿಸ್ ಸೆಂಟರಿನ ಸೋಫಾದಲ್ಲಿ ಅರ್ಧ ದಿನ ಕೂರುವುದು. ಎರಡೂ ಬೇಡ ಅನ್ನಿಸಿ 2021ರಲ್ಲಿ ಈ ಡಬ್ಬಿ ತರಿಸಿಕೊಂಡೆ.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಒಬಿಡಿ ಅಂದರೆ ಆನ್-ಬೋರ್ಡ್ ಡಯಾಗ್ನಾಸ್ಟಿಕ್ಸ್, ಕಾರು ತನ್ನ ರೋಗವನ್ನು ತಾನೇ ಪತ್ತೆ ಹಚ್ಚಿಕೊಳ್ಳುವ ವ್ಯವಸ್ಥೆ. ಸ್ಟೀರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ, 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಅದಕ್ಕೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಈ ಸ್ಕ್ಯಾನರ್ ಚುಚ್ಚಿ, ಫೋನಿನ ಬ್ಲೂಟೂತ್ ಜೋಡಿಸಿ, ಟಾರ್ಕ್ ಅಥವಾ ಕಾರ್ ಸ್ಕ್ಯಾನರ್ ಅನ್ನುವ ಆಪ್ ತೆರೆದರೆ ಎಂಜಿನ್ನಿನ ಕಂಪ್ಯೂಟರ್ ಬರೆದಿಟ್ಟುಕೊಂಡ ದೂರು ಒಂದು ಕೋಡ್ ಆಗಿ ಕಾಣುತ್ತದೆ. ಅಮೆರಿಕದಲ್ಲಿ 1996ರಿಂದಲೇ ಎಲ್ಲ ಹೊಸ ಕಾರಿಗೂ ಈ ಸಾಕೆಟ್ ಕಡ್ಡಾಯ. ನಮ್ಮಲ್ಲಿ 2013ರಿಂದ ಈಚೆಗಿನ ಕಾರುಗಳಲ್ಲಿ ಹೆಚ್ಚುಕಡಿಮೆ ಧೈರ್ಯವಾಗಿ ಹುಡುಕಬಹುದು, 2020ರ ಏಪ್ರಿಲ್ ನಂತರದ ಬಿಎಸ್6 (ಹೊಗೆಯ ಹೊಸ ನಿಯಮದ) ಗಾಡಿಗಳಲ್ಲಂತೂ ಇದ್ದೇ ಇರುತ್ತದೆ. ನನ್ನದು 2014ರ ಮೂರು ಸಿಲಿಂಡರಿನ ಪೆಟ್ರೋಲ್ ಕಾರು. ಹೆಸರು ಬೇಡ, ಅದರ ತಪ್ಪೇನೂ ಇಲ್ಲ, ನಮ್ಮ ರಸ್ತೆ ಮತ್ತು ನಮ್ಮ ಇಲಿಗಳದ್ದು.

ಮೊದಲು 350 ರೂಪಾಯಿಯ ಒಂದು ಡಬ್ಬಿ ತರಿಸಿದ್ದೆ. ಇಂಥ ಸ್ಕ್ಯಾನರುಗಳಲ್ಲಿ ಬಳಸುವ ಇಎಲ್‌ಎಂ 327 ಚಿಪ್ಪಿನ ನಕಲು, ಮೇಲೆ ಆವೃತ್ತಿ 2.1 ಅಂತ ಅಚ್ಚು. ಒಂದು ದಿನ ಜೋಡಣೆಯಾದರೆ ಮೂರು ದಿನ ಇಲ್ಲ. ಈಗಿರುವುದು ಎರಡನೆಯದು, 1,400 ಕೊಟ್ಟಿದ್ದು. ಇವತ್ತಿನವರೆಗೂ ಒಮ್ಮೆಯೂ ಜೋಡಣೆ ತಪ್ಪಿಲ್ಲ. ಕೊಳ್ಳುವವರು ಆ ಸಾವಿರ ರೂಪಾಯಿ ಉಳಿಸಲು ಹೋಗಬೇಡಿ.

ಅದು ದುಡಿದು ತೋರಿಸಿದ್ದು 2022ರ ಮಳೆಗಾಲದಲ್ಲಿ. ಬೆಳಿಗ್ಗೆ ಶಾಲೆಗೆ ಹೊರಟರೆ ಕಾರು ಗಡಗಡ ನಡುಗುತ್ತಿದೆ, ಪಿಕಪ್ ಇಲ್ಲ, ದೀಪ ಮಿಟುಕುತ್ತಿದೆ. ದೀಪ ಸುಮ್ಮನೆ ಉರಿಯುವುದು ಬೇರೆ, ಮಿಟುಕುವುದು ಬೇರೆ. ಮಿಟುಕಿದರೆ ಗಾಡಿ ನಿಲ್ಲಿಸಬೇಕು. ಮಿಸ್ಸಿಂಗ್ ಆಗಿ, ಅಂದರೆ ಸಿಲಿಂಡರಿನಲ್ಲಿ ಹೊತ್ತಿಕೊಳ್ಳದೆ, ಉಳಿದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ಅಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಟ್ಟು ಹಾಕುತ್ತದೆ, ಆ ಪಾರ್ಟಿನ ಬೆಲೆ ಕೇಳಿದರೆ ನಮಗೇ ಮಿಸ್ಸಿಂಗ್ ಶುರುವಾಗುತ್ತದೆ. ಗೇಟಿನಿಂದಲೇ ವಾಪಸ್ ಬಂದು ಡಬ್ಬಿ ಚುಚ್ಚಿದೆ. ಪಿ 0301. ಮೊದಲನೇ ಸಿಲಿಂಡರಿನಲ್ಲಿ ಮಿಸ್ಸಿಂಗ್.

ಇಲ್ಲಿಂದ ಮುಂದಿನದು ಯಾರು ಬೇಕಾದರೂ ಮಾಡಬಹುದು. ಎಂಜಿನ್ ತಣ್ಣಗಾಗಲು ಬಿಟ್ಟೆ. ಪ್ರತಿ ಸಿಲಿಂಡರಿನ ನೆತ್ತಿಯ ಮೇಲೆ, ಕಿಡಿ ಹಾರಿಸಲು ಪ್ಲಗ್ಗಿಗೆ ಕರೆಂಟ್ ಕೊಡುವ ಒಂದೊಂದು ಇಗ್ನಿಷನ್ ಕಾಯಿಲ್ ಕೂತಿರುತ್ತದೆ, ನನ್ನ ಕಾರಿನಲ್ಲಿ ಅದಕ್ಕೆ ಒಂದೇ ಒಂದು 10ರ ಬೋಲ್ಟು. ಒಂದನೇ ಕಾಯಿಲ್ ಬಿಚ್ಚಿ ಎರಡನೆಯದಕ್ಕೆ ಹಾಕಿದೆ, ಎರಡನೆಯದನ್ನು ಒಂದಕ್ಕೆ. ಕೋಡ್ ಅಳಿಸಿ ಸ್ಟಾರ್ಟ್ ಮಾಡಿದೆ. ಐದು ನಿಮಿಷ ನಡುಗಿತು. ಮತ್ತೆ ಓದಿಸಿದರೆ ಪಿ 0302. ಕಾಯಿಲ್ ಹೋದ ಕಡೆಗೇ ರೋಗವೂ ಹೋಯಿತು, ಅಂದರೆ ಕಳ್ಳ ಕಾಯಿಲ್ಲೇ. ಕೋಡ್ ಒಂದರಲ್ಲೇ ಕೂತಿದ್ದರೆ ಪ್ಲಗ್ ನೋಡಬೇಕಿತ್ತು, ಆಮೇಲೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್. ಹೊಸ ಕಾಯಿಲ್ 1,650 ರೂಪಾಯಿ, ಕೂಲಿ ಸೊನ್ನೆ. ಕನೆಕ್ಟರ್ ಬಿಚ್ಚುವಾಗ ಲಾಕನ್ನು ಒತ್ತಿ ಎಳೆಯಿರಿ, ವೈರ್ ಹಿಡಿದು ಎಳೆಯಬೇಡಿ. ಎಂಟು ವರ್ಷ ಬಿಸಿ ತಿಂದ ಪ್ಲಾಸ್ಟಿಕ್ಕು ಹಪ್ಪಳದ ಹಾಗೆ ಆಗಿರುತ್ತದೆ. ನನ್ನದೊಂದು ಲಾಕ್ ಮುರಿದೇ ಹೋಯಿತು, ಇವತ್ತಿಗೂ ಕೇಬಲ್ ಟೈ ಕಟ್ಟಿಕೊಂಡಿದೆ.

ಅಷ್ಟು ಸಾಕಿತ್ತು, ನನ್ನ ತಲೆ ತಿರುಗಲು. ಸ್ಟಾಫ್ ರೂಮಿನಲ್ಲಿ ಎಲ್ಲರ ಕಾರಿಗೂ ಡಾಕ್ಟರ್ ಆಗಿಬಿಟ್ಟೆ.

ಮುಂದಿನ ವರ್ಷ ಮತ್ತೆ ದೀಪ. ಈ ಸಲ ಪಿ 0135, ಹೊಗೆಯಲ್ಲಿ ಆಮ್ಲಜನಕ ಎಷ್ಟಿದೆ ಅಂತ ನೋಡುವ ಆಕ್ಸಿಜನ್ ಸೆನ್ಸರಿನ ಹೀಟರ್ ಸರ್ಕ್ಯೂಟ್. ನಾನು ಓದಿದ್ದು 'ಆಕ್ಸಿಜನ್ ಸೆನ್ಸರ್' ಅನ್ನುವಷ್ಟೇ. 'ಸರ್ಕ್ಯೂಟ್' ಅನ್ನುವ ಪದ ಕಣ್ಣಿಗೆ ಬಿದ್ದರೂ ಬುದ್ಧಿಗೆ ಬೀಳಲಿಲ್ಲ. ಆನ್‌ಲೈನಿನಲ್ಲಿ 2,800 ಕೊಟ್ಟು ಸೆನ್ಸರ್ ತರಿಸಿದೆ. ಹಳೆಯದು ಸೈಲೆನ್ಸರಿಗೆ ಕಚ್ಚಿಕೊಂಡು ಕೂತಿತ್ತು. ತುಕ್ಕು ಬಿಡಿಸುವ ಎಣ್ಣೆ ಹೊಡೆದು ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ತಿರುಗಿಸಿ, ಗೆಣ್ಣು ಸುಲಿಸಿಕೊಂಡು ಬಿಚ್ಚಿದೆ. ಹೊಸದು ಹಾಕಿ ಕೋಡ್ ಅಳಿಸಿದೆ. ಎರಡು ದಿನ ಆರಾಮ. ಮೂರನೇ ದಿನ ಹ್ಯಾಂಡ್‌ಪೋಸ್ಟ್ ದಾಟುವ ಹೊತ್ತಿಗೆ ದೀಪ ಹಾಜರ್.

ಸೋತು ನಮ್ಮೂರ ಗ್ಯಾರೇಜಿನ ಭಾಯ್ ಹತ್ತಿರ ಹೋದೆ. ಅವರ ಬಳಿ ಸ್ಕ್ಯಾನರ್ ಇಲ್ಲ. ಒಂದು ಬಲ್ಬು, ಎರಡು ವೈರು, ತುದಿಗೆ ಸೂಜಿ ಇರುವ ಟೆಸ್ಟ್ ಲ್ಯಾಂಪ್ ಇದೆ. ನನ್ನ ಕಥೆ ಪೂರ್ತಿ ಕೇಳಿಸಿಕೊಂಡರು. ಸೆನ್ಸರಿನ ಕನೆಕ್ಟರಿಗೆ ಸೂಜಿ ಹಚ್ಚಿದರು, ಬಲ್ಬು ಹತ್ತಲಿಲ್ಲ. ಕರೆಂಟೇ ಬರುತ್ತಿಲ್ಲ. ವೈರಿನ ಕಟ್ಟನ್ನು ಬೆರಳಲ್ಲಿ ಸವರುತ್ತಾ ಹಿಂದಕ್ಕೆ ಹೋದವರು ಬ್ಯಾಟರಿ ಟ್ರೇ ಕೆಳಗೆ ಕೈ ನಿಲ್ಲಿಸಿ ನಕ್ಕರು. ಇಲಿ. ಒಂದು ವೈರು ಮುಕ್ಕಾಲು ಭಾಗ ತಿಂದು ಎರಡು ಎಳೆ ತಾಮ್ರ ಮಾತ್ರ ಬಿಟ್ಟಿತ್ತು. ಅಲುಗಾಡಿದಾಗ ತಾಗುತ್ತಿತ್ತು, ಇಲ್ಲದಿದ್ದರೆ ಇಲ್ಲ. ಅದಕ್ಕೇ ಎರಡು ದಿನದ ನಾಟಕ.

"ಮೇಷ್ಟ್ರೇ, ನಿಮ್ಮ ಮಿಷಿನ್ನು ಬೀದಿ ಹೇಳ್ತದೆ, ಮನೆ ನಂಬರ್ ಹೇಳಲ್ಲ," ಅಂದರು. ಬೆಸುಗೆ ಹಾಕಿ, ಸ್ಲೀವ್ ಸುತ್ತಿ, 150 ರೂಪಾಯಿ ತೆಗೆದುಕೊಂಡರು. ನನ್ನ ಹಳೇ ಸೆನ್ಸರ್ ಚೆನ್ನಾಗಿಯೇ ಇತ್ತು. ಈಗ ಅದು ಮೇಜಿನ ಮೇಲೆ ಪೇಪರ್ ವೇಟ್, ನನ್ನ ಮನೆಯವಳು ಬಂದವರಿಗೆಲ್ಲ ಬೆಲೆ ಸಮೇತ ತೋರಿಸುತ್ತಾಳೆ.

ಅವತ್ತಿನಿಂದ ಭಾಯ್ ಮತ್ತು ನನ್ನ ನಡುವೆ ಒಂದು ವ್ಯವಸ್ಥೆ ಆಗಿದೆ. ನಾನು ಮನೆಯಲ್ಲೇ ಕೋಡ್ ಓದಿ, ಕೋಡ್ ಬಿದ್ದ ಗಳಿಗೆಯಲ್ಲಿ ಸ್ಪೀಡ್ ಎಷ್ಟು, ಆರ್‌ಪಿಎಂ ಎಷ್ಟು, ಎಂಜಿನ್ ಬಿಸಿ ಎಷ್ಟು ಅಂತ ಕಂಪ್ಯೂಟರ್ ಹಿಡಿದಿಟ್ಟ ಫ್ರೀಜ್ ಫ್ರೇಮ್ ನೋಡಿ ಅವರಿಗೆ ವಾಟ್ಸಾಪ್ ಮಾಡುತ್ತೇನೆ. ಅದನ್ನು ನೋಡಿ ಅವರು ಬನ್ನಿ ಅನ್ನುತ್ತಾರೆ, ಇಲ್ಲವೇ ನೀವೇ ಮಾಡಿ ಅನ್ನುತ್ತಾರೆ. ಬೇರೆ ಗಾಡಿ ಬಂದು ತಲೆ ಕೆಟ್ಟರೆ ಅವರೂ ಫೋನ್ ಮಾಡುತ್ತಾರೆ: "ಮೇಷ್ಟ್ರೇ, ಸಂಜೆ ಬರೋವಾಗ ಆ ಡಬ್ಬಿ ತಗೊಂಡು ಬನ್ನಿ."

ಕೋಡ್ ಇಲ್ಲದೆಯೂ ಇದು ಉಪಯೋಗಕ್ಕೆ ಬರುತ್ತದೆ ಅಂತ ತಿಳಿದಿದ್ದು ಚಾರ್ಮಾಡಿ ಘಾಟಿಯಲ್ಲಿ. ನನ್ನ ಕಾರಿಗೆ ಟೆಂಪರೇಚರ್ ಮುಳ್ಳಿಲ್ಲ, ಬರೀ ನೀಲಿ ಮತ್ತು ಕೆಂಪು ದೀಪ. ಕೆಂಪು ಹತ್ತುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ಉಜಿರೆಯಿಂದ ವಾಪಸ್ ಬರುವಾಗ ಫೋನಿನಲ್ಲಿ ಕೂಲೆಂಟಿನ, ಅಂದರೆ ಎಂಜಿನ್ ತಣಿಸುವ ನೀರಿನ, ಬಿಸಿ ಕಾಣುವ ಹಾಗೆ ಹಾಕಿಕೊಂಡೆ. ನೋಡುವ ಕೆಲಸ ಪಕ್ಕದಲ್ಲಿ ಕೂತ ಮಗಳಿಗೆ. ಘಾಟಿಯ ಕೆಳಗೆ 89 ಡಿಗ್ರಿ, ತಿರುವುಗಳು ಶುರುವಾದ ಮೇಲೆ 94, ಲಾರಿ ಹಿಂದೆ ಸಿಕ್ಕಿಕೊಂಡಾಗ 99. ಫ್ಯಾನ್ ತಿರುಗಿತು, 93ಕ್ಕೆ ಇಳಿಯಿತು. ಮತ್ತೆ 98, ಮತ್ತೆ ಫ್ಯಾನ್. ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ಕೂತಾಗ ಮನಸ್ಸು ಹಗುರವಾಗಿತ್ತು. ನನ್ನ ಕಾರಿನ ಆರೋಗ್ಯದ ಲೆಕ್ಕ ಇದು ಅಂತ ಗೊತ್ತಾಗಿದ್ದರಿಂದಲೇ ಆ ಡಿಸೆಂಬರಿನಲ್ಲಿ ಇನ್ನೊಂದು ರೋಗ ಕೈಗೆ ಸಿಕ್ಕಿತು. ಹದಿನೆಂಟು ಕಿ.ಮೀ. ಓಡಿಸಿದರೂ 66 ದಾಟುತ್ತಿಲ್ಲ. ಮೈಲೇಜ್ ಬಿದ್ದಿತ್ತು, ನಾನು ಪೆಟ್ರೋಲ್ ಬಂಕನ್ನು ಬೈದುಕೊಳ್ಳುತ್ತಿದ್ದೆ. ಎಂಜಿನ್ ಬಿಸಿಯಾಗುವ ತನಕ ಕೂಲೆಂಟನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟ್ಯಾಟ್ ಬಾಯಿ ತೆರೆದುಕೊಂಡೇ ಕೂತಿತ್ತು. ಎಂಜಿನ್ ಬಿಸಿಯಾಗದಿದ್ದರೆ ಕಂಪ್ಯೂಟರ್ ಇನ್ನೂ ಚಳಿ ಅಂದುಕೊಂಡು ಪೆಟ್ರೋಲ್ ಜಾಸ್ತಿ ಸುರಿಯುತ್ತದೆ. ಇದನ್ನು ಮನೆಯಲ್ಲೇ ಬದಲಾಯಿಸಿದೆ. ರೇಡಿಯೇಟರ್ ಮುಚ್ಚಳವನ್ನು ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮಾತ್ರ ತೆಗೆಯಿರಿ, ಮುಖ ಬೆಂದವರನ್ನು ನೋಡಿದ್ದೇನೆ.

ಪಕ್ಕದ ತೋಟದ ಗೌಡ್ರ ಬಿಎಸ್6 ಪಿಕಪ್ ಗಾಡಿಯದು ಚಿಕ್ಕ ಕಥೆ. ಹಳೇ ಹಂಚು ತುಂಬಿಕೊಂಡು ಘಾಟಿ ಹತ್ತುವಾಗ ಗಾಡಿ ಎಳೆಯುವುದೇ ಬಿಟ್ಟಿತು. ಪಿ 0299, ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊದ ಒತ್ತಡ ಸಾಲದು. ಟರ್ಬೊ ಅನ್ನುವ ಪದ ಕೇಳಿಯೇ ಗೌಡ್ರು ಬೆವರಿದರು. ಈ ಸಲ ನಾನು ಬುದ್ಧಿವಂತ, ಪಾರ್ಟ್ ಆರ್ಡರ್ ಮಾಡಲಿಲ್ಲ. ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರಿಗೆ ಹೋಗುವ ದಪ್ಪ ಹೋಸಿನ ಬುಡದಲ್ಲಿ ಎಣ್ಣೆ ಜಿಡ್ಡು ಹಾರಿತ್ತು. ಕ್ಲ್ಯಾಂಪ್ ಸಡಿಲ. ಬಿಗಿ ಮಾಡಿದೆವು, ಮುಗಿಯಿತು. ಎರಡು ಹಲಸಿನಹಣ್ಣು ಬಂತು.

ಇನ್ನು ದೂರುಗಳು. ಡಬ್ಬಿಯನ್ನು ಚುಚ್ಚಿದ ಹಾಗೇ ಬಿಟ್ಟಿರಬೇಡಿ. ಆ ಸಾಕೆಟ್ಟಿನ 16ನೇ ಪಿನ್ನಿಗೆ ಬ್ಯಾಟರಿಯಿಂದ ನೇರ ಕರೆಂಟ್ ಬರುತ್ತದೆ, ಕೀ ತೆಗೆದರೂ ಇದು ಕುಡಿಯುತ್ತಲೇ ಇರುತ್ತದೆ. ದಸರಾ ರಜೆಗೆ ಹೋಗಿ ಹನ್ನೆರಡು ದಿನ ಬಿಟ್ಟು ಬಂದರೆ ಸೆಲ್ಫ್ ಟಿಕ್ ಟಿಕ್ ಅಂದು ಸುಮ್ಮನಾಯಿತು. ಬ್ಯಾಟರಿ ಮೊದಲೇ ಮುದಿಯಾಗಿತ್ತು, ನಿಜ. ಮುಗಿಸಿದ್ದು ಇದೇ. ಎಬಿಎಸ್, ಏರ್‌ಬ್ಯಾಗ್ ದೀಪ ಹತ್ತಿದರೆ ಈ ಬೆಲೆಯ ಸ್ಕ್ಯಾನರಿಗೆ ಸಾಮಾನ್ಯವಾಗಿ ಓದಲು ಬರಲ್ಲ. ಬ್ರೇಕ್ ಪ್ಯಾಡ್ ಸವೆದಿದ್ದು, ಬುಷ್ ಹೋಗಿದ್ದು ಇದಕ್ಕೆ ಗೊತ್ತೇ ಆಗಲ್ಲ, ನಮ್ಮ ರಸ್ತೆಯಲ್ಲಿ ಮೊದಲು ಹೋಗುವುದು ಅವೇ. ತೋರಿಸುವ ಬ್ಯಾಟರಿ ವೋಲ್ಟೇಜ್ ನನ್ನ ಮಲ್ಟಿಮೀಟರಿಗಿಂತ 0.2 ಕಡಿಮೆ, ಅಷ್ಟು ಕೂಡಿಸಿಕೊಳ್ಳುತ್ತೇನೆ. ರಾತ್ರಿ ನಿಂತ ಗಾಡಿಯಲ್ಲಿ 12.6 ಇದ್ದರೆ ಬ್ಯಾಟರಿ ತುಂಬಿದೆ, 12.2 ಅಂದರೆ ಅರ್ಧ. ಐಫೋನ್ ಇರುವವರು ಸಾದಾ ಬ್ಲೂಟೂತಿನದು ಕೊಳ್ಳಬೇಡಿ, ವೈಫೈ ಇಲ್ಲವೇ ಬ್ಲೂಟೂತ್ 4.0 ಇರುವುದನ್ನು ನೋಡಿ.

ದುಡ್ಡು ಪೂರ್ತಿ ವಸೂಲಾಗಿದ್ದು ಹಾಸನದಲ್ಲಿ, ಅಕ್ಕನ ಮಗ ಸೆಕೆಂಡ್ ಹ್ಯಾಂಡ್ ಕಾರು ನೋಡಲು ಕರೆದುಕೊಂಡು ಹೋದಾಗ. ಕಾರು ಫಳಫಳ. ಎಂಜಿನ್ ಸದ್ದು ಚೆನ್ನಾಗಿದೆ, ದೀಪ ಒಂದೂ ಇಲ್ಲ, ಕೋಡೂ ಇಲ್ಲ. ಆಪಿನಲ್ಲಿ ಕೆಳಗೆ ಹೋದರೆ ಒಂದು ಸಾಲು ಇದೆ: ಕೋಡ್ ಅಳಿಸಿದ ಮೇಲೆ ಓಡಿದ ದೂರ. 14 ಕಿ.ಮೀ. ಅಂತ ಇತ್ತು. ಕಂಪ್ಯೂಟರ್ ತಾನೇ ಮಾಡಿಕೊಳ್ಳುವ ಪರೀಕ್ಷೆಗಳ ಮುಂದೆಲ್ಲ 'ಇನ್ನೂ ಮುಗಿದಿಲ್ಲ'. ಅಂದರೆ ಅವತ್ತು ಬೆಳಿಗ್ಗೆಯೋ ಹಿಂದಿನ ದಿನವೋ ಯಾರೋ ಒರೆಸಿ ಇಟ್ಟಿದ್ದಾರೆ. ಬ್ಯಾಟರಿ ಕೇಬಲ್ ಬಿಚ್ಚಿದರೂ ಹೀಗೇ ಆಗಬಹುದು. ಅದಕ್ಕೇ, "ಬ್ಯಾಟರಿ ಏನಾದರೂ ಬದಲಾಯಿಸಿದ್ರಾ?" ಅಂತ ಕೇಳಿದೆ. ಇಲ್ಲವೇ ಇಲ್ಲ ಅಂದರು ಮಾರುವವರು. "ಮಾಮ, ಏನ್ ಮಾಡೋಣ?" ಅಂದ ಹುಡುಗ. ಕಾಫಿ ಕುಡಿದು ಬರೋಣ ಬಾ ಅಂದೆ. ಆ ಕಡೆ ಮತ್ತೆ ಹೋಗಲಿಲ್ಲ.

ನಾಲ್ಕು ವರ್ಷದಲ್ಲಿ ಡಬ್ಬಿಯ ಹೊರಗವಚ ಒಂದು ಕಡೆ ಬಾಯಿ ಬಿಟ್ಟಿದೆ, ರಬ್ಬರ್ ಬ್ಯಾಂಡ್ ಸುತ್ತಿಟ್ಟಿದ್ದೇನೆ. ಐದಕ್ಕೆ ನಾಲ್ಕು ಸ್ಟಾರ್. ಆ ಒಂದು ಕಡಿತ ಬ್ಯಾಟರಿಗೆ. 2,800 ರೂಪಾಯಿಯದ್ದು ನನ್ನ ಲೆಕ್ಕ, ಅದಕ್ಕೆ ಬರೆಯುವುದು ಸರಿಯಲ್ಲ. ಎರಡು ದಿನದಿಂದ ಬೆಳಿಗ್ಗೆ ಸೆಲ್ಫ್ ಸ್ವಲ್ಪ ಎಳೆದು ಎಳೆದು ತಿರುಗುತ್ತಿದೆ, ವೋಲ್ಟೇಜ್ ನೋಡೋಣ ಅಂದರೆ ಡಬ್ಬಿ ಮನೆಯಲ್ಲಿಲ್ಲ. ಗೌಡ್ರು ಹೋದ ಭಾನುವಾರ ಒಂದು ಗಂಟೆಯ ಮಟ್ಟಿಗೆ ಅಂತ ತೆಗೆದುಕೊಂಡು ಹೋಗಿದ್ದಾರೆ.